1 ಜಿಬಿಪಿಎಸ್ ಲೈನ್ ಉಂಟು, ಹಿಂಕ್ಸ್‌ಟನ್‌ನಿಂದ ಡೇಟಾ ಮಾತ್ರ 8 ಎಂಬಿಪಿಎಸ್‌ನಲ್ಲಿ ಬರ್ತದೆ. ಎಲ್ಲಿ ಹುಡುಕುವುದು?

ಕಡಲಕೆರೆ

ಮಂಗಳೂರು ಹೊರವಲಯದ ಕ್ಯಾಂಪಸ್. ನ್ಯಾಷನಲ್ ನಾಲೆಜ್ ನೆಟ್‌ವರ್ಕ್‌ನ (ಎನ್‌ಕೆಎನ್) 1 ಜಿಬಿಪಿಎಸ್ ಲೈನ್. ಸ್ಪೀಡ್ ಟೆಸ್ಟ್ ಹಾಕಿದರೆ 900 ದಾಟ್ತದೆ. ಬ್ರಿಟನ್ನಿನ ಹಿಂಕ್ಸ್‌ಟನ್‌ನಲ್ಲಿರುವ ಯುರೋಪಿಯನ್ ನ್ಯೂಕ್ಲಿಯೋಟೈಡ್ ಆರ್ಕೈವ್‌ನಿಂದ ಸೀಕ್ವೆನ್ಸ್ ಫೈಲ್ ಇಳಿಸ್ಲಿಕ್ಕೆ ಹೋದರೆ ಬರೀ 8. ಬೇಕಾದ್ದು 2 ಟಿಬಿ, ಈ ಲೆಕ್ಕದಲ್ಲಿ 23 ದಿನ. ನಮ್ಮ ಇದೇ ಸರ್ವರಿಗೆ ಬೆಂಗಳೂರಿನ ಒಂದು ಲ್ಯಾಬ್‌ನಿಂದ ಎಳೆದರೆ 140.

ಪಿಂಗ್ (ಸಣ್ಣ ಪ್ಯಾಕೆಟ್ ಹೋಗಿಬರುವ ಸಮಯ) ಬೆಂಗಳೂರಿಗೆ 10 ಮಿಲಿಸೆಕೆಂಡ್, ಹಿಂಕ್ಸ್‌ಟನ್‌ಗೆ 180. ನೂರು ಪಿಂಗ್‌ನಲ್ಲಿ ಒಂದೂ ಬಿದ್ದಿಲ್ಲ. ಸರ್ವರ್ ಉಬುಂಟು, ಎಲ್ಲ ಡೀಫಾಲ್ಟ್. ಫೈಬರ್ ಮೊದಲು ಸ್ವಿಚ್‌ಗೆ, ಅಲ್ಲಿಂದ ಫೈರ್‌ವಾಲ್, ಆಮೇಲೆ ಸರ್ವರ್. ಹೊರದೇಶದ ಬ್ಯಾಂಡ್‌ವಿಡ್ತೇ ಕಮ್ಮಿ ಅಂತ ಇಲ್ಲಿ ಎಲ್ಲರ ತೀರ್ಮಾನ. ಹೌದಾ?

ಪಣಂಬೂರು_ಪ್ಯಾಕೆಟ್

ಅಲ್ಲ ಮಾರಾಯ್ರೆ. ನೀವು ಬರೆದ ನಾಲ್ಕು ಸಂಖ್ಯೆಯಲ್ಲೇ ಉತ್ತರ ಉಂಟು. 140ನ್ನು 8ರಿಂದ ಭಾಗಿಸಿ, 17.5. 180ನ್ನು 10ರಿಂದ ಭಾಗಿಸಿ, 18. ಸಮಯ ಎಷ್ಟು ಪಟ್ಟು ಹೆಚ್ಚಿತೋ ವೇಗ ಅಷ್ಟೇ ಪಟ್ಟು ಇಳಿದಿದೆ. ಹೊರದೇಶದ ಕೊಂಡಿಯಲ್ಲಿ ದಟ್ಟಣೆ ಇದ್ದಿದ್ದರೆ ಬೆಂಗಳೂರಿಗೆ ಪೂರ್ತಿ ವೇಗ ಬರಬೇಕಿತ್ತು. ಗಿಗಾಬಿಟ್ ಲೈನಲ್ಲಿ ಪಕ್ಕದ ಬೆಂಗಳೂರಿನಿಂದ 140 ಬರುವುದೇ ರೋಗ. ಅದು ಸಾಕಾಗುತ್ತಿತ್ತು ಅಂತ ಯಾರೂ ದೂರಲಿಲ್ಲ, ಅಷ್ಟೇ.

ವೇಗವನ್ನು ಹೋಗಿಬರುವ ಸಮಯದಿಂದ ಗುಣಿಸಿ ನೋಡಿ. ಎರಡೂ ಕಡೆ 175–180 ಕಿಲೋಬೈಟ್ ಬರುತ್ತದೆ. ಯಾವುದೇ ಕ್ಷಣದಲ್ಲಿ ದಾರಿಯ ಮೇಲಿರುವ ಡೇಟಾ ಅಷ್ಟು ಮಾತ್ರ. 180 ಮಿಲಿಸೆಕೆಂಡಿನ ದಾರಿಯಲ್ಲಿ 1 ಜಿಬಿಪಿಎಸ್ ತುಂಬಬೇಕಾದರೆ 22.5 ಮೆಗಾಬೈಟ್ ಇರಬೇಕು. ಡೇಟಾ ಸಾಗಿಸುವ ನಿಯಮಾವಳಿ ಟಿಸಿಪಿಯನ್ನು ಯಾವುದೋ ಒಂದು ಹಿಡಿದು ನಿಲ್ಲಿಸಿದೆ: ಒಂದೋ ವಿಂಡೋ (ಉತ್ತರ ಬರುವ ಮೊದಲು ಕಳುಹಿಸಬಹುದಾದ ಡೇಟಾದ ಮಿತಿ) ಚಿಕ್ಕದು, ಇಲ್ಲವೋ ಪ್ಯಾಕೆಟ್ ದಾರಿಯಲ್ಲಿ ಬೀಳುತ್ತಿದೆ (ಲಾಸ್). ಯಾವುದು ಅಂತ ಗ್ರಾಫ್ ಹೇಳುತ್ತದೆ. ಸೆಕೆಂಡಿಗೊಮ್ಮೆ ವೇಗ ಬರೆದುಕೊಳ್ಳಿ. ಗೆರೆ ಚಪ್ಪಟೆ ಇದ್ದರೆ ವಿಂಡೋ. ಏರುತ್ತಾ ಹೋಗಿ ಧಡಕ್ಕನೆ ಅರ್ಧಕ್ಕೆ ಬಿದ್ದು ಪುನಃ ಏರಿದರೆ, ಗರಗಸದ ಹಲ್ಲಿನ ಹಾಗೆ, ಅದು ಲಾಸ್.

ನೂರು ಪಿಂಗ್‌ಗೆ ಅರ್ಥ ಇಲ್ಲ. ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಬೀಳುವ ಲೈನಿನಲ್ಲಿ ನೂರು ಪಿಂಗ್ ಹಾಕಿದರೆ ನೂರಕ್ಕೆ 99 ಸಲ ಎಲ್ಲ ಸರಿ ಅಂತಲೇ ಕಾಣುತ್ತದೆ. ಆದರೆ 180 ಮಿಲಿಸೆಕೆಂಡಿನ ದಾರಿಯಲ್ಲಿ ಅಷ್ಟು ಲಾಸ್‌ಗೆ ವೇಗ ನಿಯಂತ್ರಣದ ಹಳೆಯ ವಿಧಾನ ರೆನೋ ಇರುವ ಟಿಸಿಪಿ ಮುಟ್ಟುವುದು ಸುಮಾರು 8 ಎಂಬಿಪಿಎಸ್. ಅದರ ನಂತರದ ಕ್ಯೂಬಿಕ್ ಆದರೆ ಎರಡು-ಎರಡೂವರೆ ಪಟ್ಟು ಹೋಗಬಹುದು, ಅದಕ್ಕಿಂತ ಹೆಚ್ಚಲ್ಲ. ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರ್ ಆರಿಸಿ ಒಟ್ಟಿಗೆ ಹಲವು ಕನೆಕ್ಷನ್ ಬಿಡುತ್ತದೆ, ಹಾಗಾಗಿ ಅದರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ವೇಗ ಅಳೆಯುವ ಸಾಧನ ಐಪರ್ಫ್3 ತೆಗೊಂಡು ಬೆಂಗಳೂರಿನವರ ಹತ್ತಿರ ಅದನ್ನು ಸರ್ವರ್ ಮೋಡ್‌ನಲ್ಲಿ ಓಡಿಸಲು ಹೇಳಿ. ಯುಡಿಪಿ (ಬಿದ್ದ ಪ್ಯಾಕೆಟ್ ಪುನಃ ಕಳುಹಿಸದ ವಿಧಾನ), 500 ಎಂಬಿಪಿಎಸ್, 60 ಸೆಕೆಂಡ್, ರಿವರ್ಸ್ ಆಯ್ಕೆಯೊಂದಿಗೆ. ಡೇಟಾ ನಿಮ್ಮ ಕಡೆಗೆ ಬರಬೇಕು, ಅದನ್ನು ಮರೆಯಬೇಡಿ. ಸುಮಾರು 25 ಲಕ್ಷ ಪ್ಯಾಕೆಟ್ ಆಗುತ್ತದೆ, 250 ಬಿದ್ದರೂ ಲೆಕ್ಕ ಸಿಗುತ್ತದೆ. ಒಮ್ಮೆ ಸರ್ವರಿನಿಂದ, ಇನ್ನೊಮ್ಮೆ ಲ್ಯಾಪ್‌ಟಾಪನ್ನು ಫೈರ್‌ವಾಲ್‌ಗಿಂತ ಮೊದಲಿನ ಸ್ವಿಚ್‌ಗೆ ನೇರ ಸಿಕ್ಕಿಸಿ. ಎರಡರಲ್ಲೂ ಒಂದೇ ಲಾಸ್ ಬಂದರೆ ಫೈರ್‌ವಾಲ್ ನಿರಪರಾಧಿ.

ಮಲ್ಪೆ_ಎಂಟಿಯು

ಐಪರ್ಫ್‌ಗಿಂತ ಮೊದಲು ಎರಡು ನಿಮಿಷದ ಕೆಲಸ. ಸ್ವಿಚ್‌ನ ಫೈಬರ್ ಪೋರ್ಟಿನಲ್ಲಿ ಸಿಆರ್‌ಸಿ ಎರರ್ ಕೌಂಟರ್ (ಕೆಟ್ಟು ಬಂದ ಫ್ರೇಮ್, ಅಂದರೆ ಪ್ಯಾಕೆಟ್‌ಗಳ ಲೆಕ್ಕ) ಬರೆದಿಟ್ಟುಕೊಳ್ಳಿ, ಹತ್ತು ನಿಮಿಷ ಡೌನ್‌ಲೋಡ್ ಓಡಿಸಿ, ಪುನಃ ನೋಡಿ. ಏರಿದ್ದರೆ ಮುಂದಿನದು ಎಸ್‌ಎಫ್‌ಪಿ ಮಾಡ್ಯೂಲಿನ (ಫೈಬರ್ ಸಿಕ್ಕಿಸುವ ತುಂಡು) ಆರ್‌ಎಕ್ಸ್ ಪವರ್, ಅಂದರೆ ಒಳಬರುವ ಬೆಳಕಿನ ಬಲ. 10 ಕಿ.ಮೀ. ಎಲ್‌ಎಕ್ಸ್ ಮಾಡ್ಯೂಲುಗಳಿಗೆ ಸಾಮಾನ್ಯವಾಗಿ −3ರಿಂದ −19 ಡಿಬಿಎಂ ಒಳಗೆ ಬೆಳಕು ಸಿಗಬೇಕು. −20, −21ಕ್ಕೆ ಇಳಿದರೂ ಲಿಂಕ್ ದೀಪ ಹಸಿರಾಗಿಯೇ ಇರುತ್ತದೆ, ಒಳಗೆ ಮಾತ್ರ ಅಲ್ಲೊಂದು ಇಲ್ಲೊಂದು ಫ್ರೇಮ್ ಸಾಯುತ್ತದೆ. ಲೈನ್ ಕೊಟ್ಟವರು ನೋಡುವುದು ಆ ದೀಪವನ್ನೇ.

ಬೆಳಕು ಕಮ್ಮಿ ಇದ್ದರೆ ರ‍್ಯಾಕ್‌ನಿಂದ ಶುರು ಮಾಡಿ, ರಸ್ತೆಯಿಂದ ಅಲ್ಲ. ಪ್ಯಾಚ್ ಕಾರ್ಡ್ ರ‍್ಯಾಕ್ ಬಾಗಿಲಿಗೆ ಸಿಕ್ಕಿ ಮಡಚಿದೆಯಾ, ಕೇಬಲ್ ಟೈ ಬಿಗಿದಿದ್ದಾರಾ ನೋಡಿ. ಬಾಗು 3 ಸೆಂ.ಮೀ. ತ್ರಿಜ್ಯಕ್ಕಿಂತ ಚಿಕ್ಕದಾಗಬಾರದು. ಕನೆಕ್ಟರ್ ಬಿಚ್ಚಿ ಒನ್-ಕ್ಲಿಕ್ ಕ್ಲೀನರಿನಿಂದ ಒರೆಸಿ, ಎರಡೂ ತುದಿ, ಮಾಡ್ಯೂಲಿನ ಬಾಯಿ ಕೂಡ. ಅಂಗಿಯ ತುದಿಯಲ್ಲಿ ಒರೆಸಿ ಬಾಯಲ್ಲಿ ಊದುವವರು ಇನ್ನೂ ಇದ್ದಾರೆ. ಎಂಜಲಿನ ಹನಿ ಒಣಗಿ ಕೂತರೆ ಧೂಳಿಗಿಂತ ಕಷ್ಟ. ಬಿಚ್ಚಿದ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿಯಬೇಡಿ, 1310 ನ್ಯಾನೋಮೀಟರ್ ಬೆಳಕು ಕಾಣುವುದಿಲ್ಲ.

ಅಷ್ಟಕ್ಕೂ ಸರಿಯಾಗದಿದ್ದರೆ ಲೈನಿನವರನ್ನು ಒಟಿಡಿಆರ್ (ಫೈಬರಿನಲ್ಲಿ ನಷ್ಟ ಎಲ್ಲಿ ಅಂತ ಹುಡುಕುವ ಯಂತ್ರ) ಜೊತೆ ಕರೆಸಿ, 1310 ಮತ್ತು 1550 ನ್ಯಾನೋಮೀಟರ್ ಎರಡರಲ್ಲೂ ಅಳೆಸಿ. ಒಂದೇ ಜಾಗದಲ್ಲಿ 1550ರಲ್ಲಿ ನಷ್ಟ ಜಾಸ್ತಿ, 1310ರಲ್ಲಿ ಕಮ್ಮಿ ಕಂಡರೆ ಅಲ್ಲಿ ಕೇಬಲ್ ಬಾಗಿದೆ. ಎರಡರಲ್ಲೂ ಹೆಚ್ಚುಕಡಿಮೆ ಸಮ ಇದ್ದರೆ ಜೋಡಣೆ ಹಾಳು. ನಮ್ಮ ಕರಾವಳಿಯಲ್ಲಿ ಜೋಡಣೆಯ ಡಬ್ಬಿಗೆ ನೀರು ಹೋಗುವುದು ಮಾಮೂಲು. ಸೀಲಿನ ರಬ್ಬರ್ ಸವೆದಿದ್ದರೆ ಮೊದಲ ಮಳೆಗೇ ಚೇಂಬರ್ ತುಂಬಿ ಡಬ್ಬಿ ಮುಳುಗುತ್ತದೆ.

ಕಡಲಕೆರೆ

ಗ್ರಾಫ್ ಗರಗಸವೇ. ಸಿಆರ್‌ಸಿ ಏರ್ತಾ ಇತ್ತು, ಆರ್‌ಎಕ್ಸ್ −21.6. ಪ್ಯಾಚ್ ಕಾರ್ಡ್ ರ‍್ಯಾಕ್‌ನ ಹಿಂದಿನ ಬಾಗಿಲಿಗೆ ಸಿಕ್ಕಿತ್ತು. ಕಾರ್ಡ್ ಬದಲಿಸಿ ಎರಡೂ ತುದಿ ಒರೆಸಿದ ಮೇಲೆ −14.2, ಸಿಆರ್‌ಸಿ ನಿಂತಿದೆ. ಬೆಂಗಳೂರಿನಿಂದ 930. ಆದರೆ ಹಿಂಕ್ಸ್‌ಟನ್ 130ರಲ್ಲೇ ನಿಂತಿದೆ, ಗೆರೆ ಈಗ ಚಪ್ಪಟೆ. ಇನ್ನು ವಿಂಡೋವಾ? ಟಿಸಿಪಿ ವೇಗ ನಿಯಂತ್ರಣದ ಬಿಬಿಆರ್ ಹಾಕಿ ನೋಡಿದೆ, ಎಂತ ವ್ಯತ್ಯಾಸವೂ ಇಲ್ಲ.

ಪಣಂಬೂರು_ಪ್ಯಾಕೆಟ್

ಬಿಬಿಆರ್ ಕೆಲಸ ಮಾಡುವುದು ಕಳುಹಿಸುವ ಕಡೆ. ನೀವು ಇಳಿಸುವವರು, ನಿಮ್ಮ ಸರ್ವರಿನಲ್ಲಿ ಅದನ್ನು ಹಾಕಿದರೂ ಬಿಟ್ಟರೂ ಒಂದೇ.

ಈಗಿನದ್ದು ವಿಂಡೋವೇ. ಬಳಕೆಯಲ್ಲಿರುವ ಬಹುತೇಕ ಉಬುಂಟು ಕರ್ನೆಲ್‌ಗಳಲ್ಲಿ ಟಿಸಿಪಿ_ಆರ್‌ಮೆಮ್ (ಬರುವ ಡೇಟಾದ ಬಫರ್ ಗಾತ್ರ) ಸೆಟ್ಟಿಂಗ್‌ನ ಮೂರನೆಯ ಸಂಖ್ಯೆ 6291456, ಅಂದರೆ 6 ಎಂಬಿ. ಅದರಲ್ಲಿ ಅರ್ಧದಷ್ಟು ಕರ್ನೆಲ್ ತನ್ನ ಲೆಕ್ಕಕ್ಕೆ ಇಟ್ಟುಕೊಂಡು 3 ಎಂಬಿಯಷ್ಟನ್ನೇ ವಿಂಡೋ ಅಂತ ಜಾಹೀರು ಮಾಡುತ್ತದೆ. 3 ಎಂಬಿಯನ್ನು 180 ಮಿಲಿಸೆಕೆಂಡಿನಿಂದ ಭಾಗಿಸಿದರೆ 140 ಎಂಬಿಪಿಎಸ್ ಆಸುಪಾಸು. ನಿಮಗೆ 130 ಬರುತ್ತಿದೆ, ತಾಳೆ ಆಯ್ತು. ಆ ಸಂಖ್ಯೆಯನ್ನು 67108864ಕ್ಕೆ ಏರಿಸಿ, ಸಿಸ್‌ಕಂಟ್ರೋಲ್ (sysctl) ಫೈಲಿನಲ್ಲಿ ಬರೆಯಿರಿ; ಇಲ್ಲದಿದ್ದರೆ ರೀಬೂಟ್ ಆದ ದಿನ ಇದೇ ಪ್ರಶ್ನೆ ಪುನಃ ಹುಟ್ಟುತ್ತದೆ. ಮೊದಲ ಎರಡು ಸಂಖ್ಯೆ ಮುಟ್ಟಬೇಡಿ. ವಿಂಡೋ ಸ್ಕೇಲಿಂಗ್ 1 ಇರಬೇಕು. ಕೆಲವು ಫೈರ್‌ವಾಲ್‌ಗಳು ಆ ಆಯ್ಕೆಯನ್ನು ಪ್ಯಾಕೆಟ್‌ನಿಂದ ಕಿತ್ತು ಹಾಕುತ್ತವೆ, ಆಗ 64 ಕೆಬಿ ದಾಟುವುದೇ ಇಲ್ಲ, 180 ಮಿಲಿಸೆಕೆಂಡಿಗೆ 3 ಎಂಬಿಪಿಎಸ್ ಕೂಡ ಸಿಗುವುದಿಲ್ಲ. ನಿಮಗೆ 130 ಬರುತ್ತಿರುವುದರಿಂದ ಆ ತೊಂದರೆ ಇಲ್ಲ.

ಕಳುಹಿಸುವವರ ಬಫರ್ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಎರಿಯಾ2 ಡೌನ್‌ಲೋಡ್ ತಂತ್ರಾಂಶದಲ್ಲಿ ಫೈಲಿಗೆ 4ರಿಂದ 8 ಕನೆಕ್ಷನ್. ಅದಕ್ಕಿಂತ ಹೆಚ್ಚು ಬಿಟ್ಟರೆ ಆ ಕಡೆಯ ಸರ್ವರ್ ಬಾಗಿಲು ಹಾಕಬಹುದು, ಮರ್ಯಾದೆಯೂ ಅಲ್ಲ. ಆರ್ಕೈವ್ ಪ್ರತಿ ಫೈಲಿಗೂ ಎಂಡಿ5 (ಫೈಲಿನ ಗುರುತು ಸಂಖ್ಯೆ) ಕೊಡುತ್ತದೆ, ಇಳಿದ ಮೇಲೆ ತಾಳೆ ನೋಡಿ.

ಸಹಯೋಗಿಗಳ ಹತ್ತಿರ ಎಸ್‌ಸಿಪಿ ಎಂಬ ಫೈಲ್ ನಕಲು ಆಜ್ಞೆಯಲ್ಲಿ ತರುವುದಿದ್ದರೆ ಬೇರೆ ಗುಂಡಿ ಉಂಟು: ಅದರ ಹಿಂದಿರುವ ಓಪನ್‌ಎಸ್‌ಎಸ್‌ಎಚ್ ತನ್ನೊಳಗೇ 2 ಎಂಬಿ ವಿಂಡೋ ಇಟ್ಟುಕೊಂಡಿದೆ. ಇದೇ ದೂರಕ್ಕೆ 93 ಎಂಬಿಪಿಎಸ್, ಕರ್ನೆಲ್ ಎಷ್ಟೇ ತಿದ್ದಿದರೂ.

ಗೋಳಿಬಜೆ

ಒಂದು ಸೇರಿಸುತ್ತೇನೆ. ಕ್ಯಾಂಪಸ್‌ಗೆ ಎನ್‌ಕೆಎನ್ ಜೊತೆ ಬೇರೆ ಬ್ರಾಡ್‌ಬ್ಯಾಂಡ್ ಕೂಡ ಉಂಟಾ? ಇದ್ದರೆ ಟ್ರೇಸ್‌ರೂಟ್ ಮಾಡಿ, ಡೇಟಾ ಯಾವ ದಾರಿ ಹಿಡಿಯುತ್ತದೆ ಅಂತ ಕಾಣುತ್ತದೆ. ಫೈರ್‌ವಾಲ್ ಲೋಡ್ ಬ್ಯಾಲೆನ್ಸ್ ಮಾಡುವಾಗ ನಿಮ್ಮ ದೊಡ್ಡ ಫೈಲನ್ನು ಬ್ರಾಡ್‌ಬ್ಯಾಂಡಿಗೆ, ಹಾಸ್ಟೆಲ್ಲಿನ ಯೂಟ್ಯೂಬನ್ನು ಎನ್‌ಕೆಎನ್‌ಗೆ ಹಾಕಿರುವುದುಂಟು. 2010ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ₹5,990 ಕೋಟಿಗೆ ಒಪ್ಪಿ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ (ಎನ್‌ಐಸಿ) ಕೈಯಲ್ಲಿ ಕಟ್ಟಿಸಿದ ಈ ಜಾಲ ಹೊರದೇಶದ ಸಂಶೋಧನಾ ಜಾಲಗಳ ಜೊತೆ ಕೈಜೋಡಿಸಿದೆ. ಆರ್ಕೈವ್ ಇರುವುದೂ ಬ್ರಿಟನ್ನಿನ ಅಂಥದೇ ಜಾಲ ಜಾನೆಟ್ ಮೇಲೆ. ಡೇಟಾ ಸರ್ವರಿನ ಐಪಿಗೆ ಪಾಲಿಸಿ ರೂಟ್ ಬರೆದು ಎನ್‌ಕೆಎನ್‌ಗೇ ಕಟ್ಟಿ.

ವೇಗ ಆಗಲೂ 300–400ರಲ್ಲಿ ತಡೆದರೆ ಫೈರ್‌ವಾಲನ್ನು ಸಂಶಯಿಸಿ. ಅದು ಸಾವಿರ ಸಣ್ಣ ಕನೆಕ್ಷನ್‌ಗಳಿಗೆ ಮಾಡಿದ ಯಂತ್ರ. ಒಂದೇ ಆನೆ ಬಂದರೆ ಒಂದೇ ಸಿಪಿಯು ಕೋರ್ ಮೇಲೆ ಇಡೀ ಭಾರ ಬೀಳುತ್ತದೆ, ಬಫರ್ ತುಂಬಿ ಪ್ಯಾಕೆಟ್ ಚೆಲ್ಲುತ್ತದೆ. ಅಮೆರಿಕದ ಸಂಶೋಧನಾ ಜಾಲ ಇಎಸ್‌ನೆಟ್‌ನವರು ಸೈನ್ಸ್ ಡಿಎಂಝಡ್ ಅಂತ ಕರೆಯುವ ಏರ್ಪಾಡು ಇದಕ್ಕೇ: ಡೇಟಾ ಸಾಗಿಸಲು ಮಾತ್ರ ಒಂದು ಸರ್ವರ್, ಫೈರ್‌ವಾಲ್‌ನ ಹೊರಗೆ, ಸ್ವಿಚ್ ಅಥವಾ ರೌಟರಿನ ಎಸಿಎಲ್ (ಯಾರನ್ನು ಬಿಡಬೇಕೆಂಬ ಪಟ್ಟಿ) ಹಿಂದೆ. ದೊಡ್ಡ ಫೈಲ್ ಸಾಗಿಸುವ ಗ್ಲೋಬಸ್ ಸರ್ವರ್ ಹಾಕಿದರೆ ಒಳಬರಲು 443 ಮತ್ತು 50000–51000 ಟಿಸಿಪಿ ಪೋರ್ಟ್ ಬಿಡಿ, ಎಸ್‌ಎಸ್‌ಎಚ್ ಕ್ಯಾಂಪಸ್ ಒಳಗಿನಿಂದ ಮಾತ್ರ. ಆ ಯಂತ್ರದಲ್ಲಿ ಮೇಲ್ ಇಲ್ಲ, ಬ್ರೌಸರ್ ಇಲ್ಲ, ವಿದ್ಯಾರ್ಥಿಗಳ ಲಾಗಿನ್ ಇಲ್ಲ. ಈ ಶಿಸ್ತು ಇಲ್ಲದೆ ಫೈರ್‌ವಾಲ್ ತಪ್ಪಿಸಿದರೆ ಅದು ಬರೀ ತೆರೆದ ಬಾಗಿಲು.

ಡಿಸ್ಕ್ ಕೂಡ ನೋಡಿ. ಗಿಗಾಬಿಟ್ ಅಂದರೆ ಸೆಕೆಂಡಿಗೆ 110 ಎಂಬಿ ಮೇಲೆ ಬರೆಯಬೇಕು. ಒಂಟಿ ಹಾರ್ಡ್ ಡಿಸ್ಕ್ ನೇರವಾಗಿ ಬರೆದರೆ ತಾಳುತ್ತದೆ. ಎಂಟು ಕಡೆಯಿಂದ ಬರೆಯುತ್ತಾ ಪಕ್ಕದಲ್ಲಿ ಇನ್ಯಾರೋ ಅನ್‌ಜಿಪ್ ಮಾಡಿದರೆ ತಾಳುವುದಿಲ್ಲ. ಎಸ್‌ಎಸ್‌ಡಿಗೆ ಇಳಿಸಿ ಆಮೇಲೆ ಸರಿಸಿ.

ಕಡಲಕೆರೆ

ಆರ್‌ಮೆಮ್ ಏರಿಸಿ 6 ಕನೆಕ್ಷನ್ ಬಿಟ್ಟೆ, 780 ನಿಂತಿದೆ. ಉಳಿದದ್ದು ಆರು ಗಂಟೆಯೊಳಗೆ ಮುಗಿಯುವ ಹಾಗೆ ಕಾಣ್ತದೆ. ಬ್ರಾಡ್‌ಬ್ಯಾಂಡ್ ಉಂಟು, ರೂಟ್ ಎನ್‌ಕೆಎನ್ ಮೇಲೆಯೇ ಹೋಗ್ತಾ ಇದೆ. ಇನ್ನೊಂದು ಸಲ ಹೀಗಾದರೆ 23 ದಿನದ ಲೆಕ್ಕ ಬರುವ ಮೊದಲೇ ಗೊತ್ತಾಗ್ಲಿಕ್ಕೆ ಎಂತ ಮಾಡ್ಬಹುದು?

ಮಲ್ಪೆ_ಎಂಟಿಯು

ಜಾಲವನ್ನು ಸತತ ಅಳೆಯುವ ಪರ್ಫ್‌ಸೋನಾರ್ ತಂತ್ರಾಂಶ ಹಾಕಿ, ಹಳೆಯ ಪಿಸಿ ಒಂದಿದ್ದರೂ ನಡೆಯುತ್ತದೆ. ಬೆಂಗಳೂರಿನ ಲ್ಯಾಬ್‌ನಲ್ಲೂ ಒಂದು ಇದ್ದರೆ ಇಡೀ ದಿನ ಲಾಸ್ ಅಳೆಯುತ್ತಾ ಇರುತ್ತದೆ, ಆರು ಗಂಟೆಗೊಮ್ಮೆ ಥ್ರೂಪುಟ್ ಪರೀಕ್ಷೆ ಸಾಕು. ಜೊತೆಗೆ ಸ್ವಿಚ್‌ನಿಂದ ಎಸ್‌ಎನ್‌ಎಂಪಿಯಲ್ಲಿ (ಯಂತ್ರದ ಅಂಕಿ ದೂರದಿಂದ ಓದುವ ವಿಧಾನ) ಆರ್‌ಎಕ್ಸ್ ಪವರ್ ಐದು ನಿಮಿಷಕ್ಕೊಮ್ಮೆ ಎಳೆಯಿರಿ. ಈಗಿನ −14.2 ನಿಮ್ಮ ಮೂಲ ಅಂಕ, ರ‍್ಯಾಕ್ ಮೇಲೆ ಚೀಟಿ ಅಂಟಿಸಿ. ಎಚ್ಚರಿಕೆಯ ಗಂಟೆ −17ಕ್ಕೆ ಇಡಿ. −19ಕ್ಕೆ ಇಟ್ಟರೆ ಗಂಟೆ ಬಾರಿಸುವ ಹೊತ್ತಿಗೆ ಸಿಆರ್‌ಸಿ ಶುರುವಾಗಿರುತ್ತದೆ, ಮಳೆಗಾಲದಲ್ಲಿ ಒಟಿಡಿಆರ್ ಹಿಡಿದು ಬರುವವರು ಸಿಗುವುದೂ ಕಷ್ಟ.