ಅಪ್‌ಡೇಟ್: ಊಟಿ ರಸ್ತೆ ಬದಿಯ ಬಿಳಿ ಹೂವಿನ ಪೊದೆ

ಊಟಿ ಹತ್ತಿರ ಕಂಡ ಪೊದೆ ನಮ್ಮ ಮಲೆನಾಡಿನ ಕಮ್ಯುನಿಸ್ಟ್ ಗಿಡವೇ, ಅಂದರೆ ಕ್ರೋಮೋಲೇನಾನೇ ಅಂತ ಕೇಳಿದ್ದೆ. ಅಲ್ಲ, ಅದು ಅಜೆರಾಟಿನಾ ಅಡೆನೊಫೊರಾ ಅನ್ನೋ ಬೇರೆ ಕಳೆ!

ನೀವು ಹೇಳಿದ ಹಾಗೆ ಹೂವನ್ನು ಹತ್ತಿರದಿಂದ ನೋಡಿದೆ. ಕ್ರೋಮೋಲೇನಾದ ಹೂತಲೆ (ಪುಟ್ಟ ಹೂಗಳು ಒತ್ತಾಗಿ ಸೇರಿದ ಗೊಂಚಲು) ಉದ್ದ ಕೊಳವೆ. ಅದರ ಹೊರಗಿನ ಪುಟ್ಟ ಹಸಿರು ಎಲೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ. ಇದರ ಹೂತಲೆ ಗಿಡ್ಡ, ಆ ಹಸಿರು ಎಲೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಉದ್ದ. ನನಗೆ ಇದೇ ಗಟ್ಟಿ ಗುರುತು. ಎಳೆ ಕಾಂಡ ನೇರಳೆ, ಮುಟ್ಟಿದರೆ ಅಂಟು.

ಕಾಂಡದ ಮೇಲಿನ ಗಂಟನ್ನು ಮಾತ್ರ ನಂಬಬೇಡಿ. 1963ರಲ್ಲಿ ಅಜೆರಾಟಿನಾ ತಡೆಯಲು ನೀಲಗಿರಿಗೆ ಗಂಟುನೊಣ, ಅಂದರೆ ಕಾಂಡದಲ್ಲಿ ಗಂಟು ಎಬ್ಬಿಸುವ ನೊಣ ತಂದರು. ಆಮೇಲೆ ಕ್ರೋಮೋಲೇನಾಕ್ಕೂ ಬೇರೊಂದು ಗಂಟುನೊಣ ಬಂತು, ಹಾಗಾಗಿ ಗಂಟು ಎರಡರಲ್ಲೂ ಇರಬಹುದು. ಹಳೆ ಪುಸ್ತಕಗಳಲ್ಲಿ ಎರಡೂ ಗಿಡಗಳು ಯುಪಟೋರಿಯಂ ಅನ್ನೋ ಒಂದೇ ಕುಲದ ಹೆಸರಲ್ಲಿ ಇವೆ, ಗೊಂದಲ ಆಗೋದು ಸಹಜ ಅಲ್ವಾ? ಹೇಳಿಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.