ಅಜ್ಜಿಮನೆ ಗ್ರೂಪಲ್ಲಿ ಕೌದಿ ಗಲಾಟೆ

ದೊಡ್ಡಪ್ಪ: ಶುಭೋದಯ. ಕುಂದಾಪುರದಲ್ಲಿ ನಿನ್ನೆ ರಾತ್ರಿಯಿಂದ ಒಂದೇ ಮಳೆ. ಕರೆಂಟಿಲ್ಲ.

ಪ್ರಶಾಂತಣ್ಣ: ಶುಭೋದಯ. ಒಂದು ವಿಷಯ ನೇರ ಕೇಳ್ತೇನೆ, ಅಜ್ಜಿಯ ಕೌದಿ ಈಗ ಯಾರ ಹತ್ರ ಉಂಟು? ಹೊಸ ಮನೆಯ ಹಾಲಲ್ಲಿ ಅದಕ್ಕೇ ಅಂತ ಒಂದು ಗೋಡೆ ಬಿಟ್ಟಿದ್ದೇನೆ, ಗ್ಲಾಸ್ ಹಾಕಿ ಫ್ರೇಮ್ ಮಾಡಿಸುವಾ ಅಂತ. ಡಿಸೈನರ್ ಅಳತೆ ಕೇಳ್ತಿದ್ದಾಳೆ, ಯಾರಾದ್ರೂ ಟೇಪ್ ಹಿಡಿದು ಹೇಳಿ

ರಶ್ಮಿ: ಅಣ್ಣಾ ಅದು ನಂಗೆ ಅಂತ ಅಜ್ಜಿ ಹೇಳಿದ್ದು. ಅಕ್ಟೋಬರಿಗೆ ಡೇಟ್ ಕೊಟ್ಟಿದ್ದಾರೆ. ಮಗುವನ್ನ ಫಸ್ಟ್ ಅದರ ಮೇಲೇ ಮಲಗಿಸುದು ಅಂತ ನಾನು ಮದುವೆಗೆ ಮೊದ್ಲೇ ಅಂದ್ಕೊಂಡಾಗಿದೆ

ಚಿಕ್ಕಪ್ಪ ದುಬೈ: ಅಜ್ಜಿ ಎಲ್ರಿಗೂ ನಿಂಗೇ ಅಂತ ಹೇಳ್ತಿದ್ರು. ನಂಗೂ ಹೇಳಿದ್ರು. ನಾವು ಮಕ್ಕಳು 4 ಜನ, 4 ತುಂಡು ಮಾಡಿ ಕೊಟ್ಬಿಡಿ, ಜಗಳವೇ ಇಲ್ಲ

ಸುಮತ್ತೆ: ಕತ್ತರಿ ತಾಗಿಸಿದ್ರೆ ನಾನು ಇನ್ನು ಆ ಮನೆಯ ಹೊಸ್ತಿಲು ತುಳಿಯುದಿಲ್ಲ ಹೇಳಿದ್ದೇನೆ

ಸುಮತ್ತೆ: ಅದೆಂತ ವಸ್ತು ಅಂತ ಮೊದ್ಲು ತಿಳ್ಕೊಳ್ಳಿ ಆಮೇಲೆ ಜಗಳ ಆಡಿ. ನಮ್ಮ ಮನೆಯಲ್ಲಿ ಕೌದಿ ಅಂತ ಒಂದು ಇರ್ಲೇ ಇಲ್ಲ. ನನ್ನ ಅಜ್ಜ ಅಂದ್ರೆ ನಿಮ್ಮ ಮುತ್ತಜ್ಜ ಹುಬ್ಬಳ್ಳಿಯಲ್ಲಿ ಹೋಟ್ಲು ಇಟ್ಟಿದ್ರಲ್ಲ, ಆ ಕಾಲಕ್ಕೆ ಇಲ್ಲಿಂದ ಘಟ್ಟ ಹತ್ತಿದವ್ರು ಹೆಚ್ಚಿನವ್ರು ಮಾಡಿದ್ದು ಅದನ್ನೇ, ಆಗ ನನ್ನ ಅಜ್ಜಿ, ನಿಮ್ಮ ಮುತ್ತಜ್ಜಿ, ಪಕ್ಕದ ಮನೆಯವ್ರ ಹತ್ರ ಕಲ್ತು ಹೊಲಿದದ್ದು. ಹೋಟ್ಲು ಮುಚ್ಚಿ ಬರುವಾಗ ಇಡ್ಲಿ ಅಟ್ಟದಿಂದ ಹಿಡಿದು ಎಲ್ಲ ಮಾರಿದ್ರಂತೆ, ಕೌದಿ ಮಾತ್ರ ಟ್ರಂಕಲ್ಲಿ ಹಾಕ್ಕೊಂಡು ಬಂದ್ರಂತೆ. ಇಲ್ಲಿ ನೆರೆಕರೆಯವ್ರು ನೋಡಿ ಇದೆಂತ ಗೋಣಿಯಾ ಅಂತ ಕೇಳಿದ್ರಂತೆ. ಅದರ ಮೇಲೆ ಮಲಗದ ಮಗು ನಮ್ಮ ಮನೇಲಿ ಇಲ್ಲ. ಪ್ರಶಾಂತ, ನೀನೂ ಅದರ ಮೇಲೆ ಉಚ್ಚೆ ಹೊಯ್ದವನೇ. ಗ್ಲಾಸ್ ಹಾಕಿ ಎಂತ ನೋಡ್ತಿ?

ಪ್ರಶಾಂತಣ್ಣ: ಅತ್ತೆ ಅದಕ್ಕೇ ಹೇಳುದು ಅದಕ್ಕೊಂದು ಹಿಸ್ಟರಿ ಉಂಟು ಅಂತ. ಮಣಿಪಾಲದ ಹೆರಿಟೇಜ್ ವಿಲೇಜಲ್ಲಿ ಹಳೆ ಮನೆಗಳನ್ನ ಬಿಚ್ಚಿ ತಂದು ಪುನಃ ಕಟ್ಟಿ ಇಟ್ಟಿದ್ದಾರೆ, ಅದನ್ನ ದುಡ್ಡು ಕೊಟ್ಟು ನೋಡ್ಲಿಕ್ಕೆ ಹೋಗ್ತೇವೆ, ನಮ್ಮ ಮನೇದು ಮಾತ್ರ ಉಚ್ಚೆ ಬಟ್ಟೆಯಾ? ಇನ್ನೊಂದು ಮಗು, ಇನ್ನೊಂದು ಮಳೆಗಾಲ, ಅಷ್ಟೇ, ಮತ್ತೆ ನೆಲ ಒರೆಸ್ಲಿಕ್ಕೂ ಸಿಗ್ಲಿಕ್ಕಿಲ್ಲ

ದೊಡ್ಡಪ್ಪ: ಕರೆಂಟ್ ಬಂತು.

ನಾನು: ಒಂದು ಹೇಳ್ಲಿಕ್ಕುಂಟು. ಬೈಬೇಡಿ

ನಾನು: ಕೌದಿ ಇರುದು ನನ್ನ ಹತ್ರ. ಅಜ್ಜಿ ಹೋದ್ಮೇಲೆ ಅಪ್ಪ ಕಬ್ಬಿಣದ ಟ್ರಂಕ್ ಸಮೇತ ಉಡುಪಿಗೆ ತಂದಿಟ್ಟದ್ದು. ಮೊನ್ನೆ ತೆಗೆದ್ರೆ ಬೂಸ್ಟು ವಾಸನೆ, ಒಂದು ಬದಿ ಇಡೀ ತುಕ್ಕಿನ ಕಲೆ. ಈ ಆಟಿಯ ಮಳೆಗೆ ಕರ್ಚೀಪೇ ಒಣಗುದಿಲ್ಲ, ಇದು ನೆನೆದ್ರೆ ಎತ್ಲಿಕ್ಕೆ ಇಬ್ರು ಬೇಕು, ಹಾಗೆ ಲಾಂಡ್ರಿಗೆ ಕೊಟ್ಟೆ. ಕೈಯಲ್ಲೇ ಒಗೀರಿ ಅಂತ ಎರಡು ಸಲ ಹೇಳಿದ್ದೆ. ಮಿಷಿನಿಗೇ ಹಾಕಿದ್ದಾರೆ. ಒಂದು ಮೂಲೆ ಬಿಚ್ಚಿಹೋಗಿದೆ, ಒಂದು ಗೇಣು

ಪ್ರಶಾಂತಣ್ಣ: ಎಂತ????

ಚಿಕ್ಕಪ್ಪ ದುಬೈ: ಆಯ್ತು, ಕತ್ತರಿಯ ಖರ್ಚು ಉಳೀತು

ದೊಡ್ಡಪ್ಪ: ಯಾವ ಲಾಂಡ್ರಿ ಮಗಾ?

ನಾನು: ಹೆಸರು ಬೇಡ ದೊಡ್ಡಪ್ಪ, ನೀವು ಹೋಗಿ ಗಲಾಟೆ ಮಾಡ್ತೀರಿ. ತಪ್ಪು ನಂದೇ. ಆದ್ರೆ ಈ ಫೋಟೋ ನೋಡಿ, ಬಿಚ್ಚಿದ ಜಾಗದ್ದು. ಮೇಲಿನ ಉಡುಪಿ ಸೀರೆಯ ತುಂಡು ಸರಿಸಿದ್ರೆ ಅಡಿಯಲ್ಲಿ ಪುನಃ ಹೊಲಿಗೆ ಉಂಟು. ಬೇರೆ ನೂಲು, ಬೇರೆ ತುಂಡುಗಳು. ಒಂದು ಕೆಂಪು ರೇಷ್ಮೆ, ಅದರಲ್ಲಿ ಬಿಳಿ ಹಲ್ಲು ಹಲ್ಲಿನ ಹಾಗೆ. ಮೇಲಿನ ಹೊಲಿಗೆ ಬೆರಳಿನಷ್ಟು ದೂರ ದೂರ ಸಾಲು ಹೋಗಿದೆ, ಒಳಗಿನದ್ದು ಅಕ್ಕಿಕಾಳಿಗಿಂತಲೂ ಚಿಕ್ಕದು

ಸುಮತ್ತೆ: ಅಯ್ಯೋ ದೇವ್ರೇ. ಜೂಮ್ ಮಾಡಿ ನೋಡಿದೆ. ಅದು ಇಳಕಲ್ ಸೆರಗು ಮಾರಾಯ್ತಿ. ಸೀರೆಯ ಮೈ ಹತ್ತಿ ಆದ್ರೂ ಸೆರಗು ಕೆಂಪು ರೇಷ್ಮೆಯಲ್ಲೇ, ಆ ಬಿಳಿದಕ್ಕೆ ಟೋಪ ತೆನಿ ಅಂತ ಹೇಳುದು. ಅದು ನನ್ನ ಅಜ್ಜಿಯ ಸೀರೆ. ಹಾಗಾದ್ರೆ ನಾವು ಇಷ್ಟು ವರ್ಷ ಹಾಸಿ ಹೊದ್ದದ್ದು ನನ್ನ ಅಮ್ಮ ಅಂದ್ರೆ ನಿಮ್ಮ ಅಜ್ಜಿ ಹೊಲಿದದ್ದು, ಅಜ್ಜಿದು ಅದರ ಹೊಟ್ಟೆಯೊಳಗೆ ಉಂಟು. ಈಗ ನೆನಪಾಯ್ತು ನೋಡಿ, ನಾನು ನಾಲ್ಕನೇ ಕ್ಲಾಸಲ್ಲಿರುವಾಗ ಅಮ್ಮ ಒಂದು ಮಳೆಗಾಲ ಇಡೀ ಚಾವಡಿಯಲ್ಲಿ ಕೂತು ಹೊಲೀತಿದ್ರು, ಹೊಸದು ಅಂತ ಅಂದ್ಕೊಂಡಿದ್ದೆ ನಾನು. ನನ್ನ ಹಸಿರು ಲಂಗ ಕತ್ತರಿಸಿದ್ದಕ್ಕೆ ಒಂದು ದಿನ ಊಟ ಬಿಟ್ಟಿದ್ದೆ

ರಶ್ಮಿ: ಅಮ್ಮಾ ನೀನು ಇದನ್ನ ನಂಗೆ ಯಾವತ್ತೂ ಹೇಳ್ಲೇ ಇಲ್ಲ!!

ನಾನು: ಪ್ರಶಾಂತಣ್ಣ ಈಗ ಹೇಳಿ, ಯಾವುದನ್ನ ಫ್ರೇಮ್ ಮಾಡುದು? ಒರಿಜಿನಲ್ ಬೇಕಾದ್ರೆ ಮೇಲಿಂದು ಬಿಚ್ಬೇಕು, ಅಂದ್ರೆ ಅಜ್ಜಿ ಒಂದು ಮಳೆಗಾಲ ಕೂತು ಹೊಲಿದದ್ದು ಹೋಯ್ತು. ಮೇಲಿಂದನ್ನೇ ಇಟ್ರೆ ಮುತ್ತಜ್ಜಿದು ಕಾಣುದೇ ಇಲ್ಲ. ಹಳತು ಹರಿದಾಗ ಅಜ್ಜಿ ಬಿಸಾಡ್ಲಿಲ್ಲ, ಗೋಡೆಗೂ ತೂಗಿಸ್ಲಿಲ್ಲ, ಮೇಲೆ ಇನ್ನೊಂದು ಪದರ ಹಾಕಿದ್ರು. ನಾವೂ ಅದನ್ನೇ ಮಾಡುವ ಅಂತ ನಾನು ಹೇಳುದು

ಪ್ರಶಾಂತಣ್ಣ: ಮಿಷಿನಿಗೆ ಹಾಕಿಸಿ ಹರಿಸಿದವ್ಳು ಈಗ ಪ್ರವಚನ ಕೊಡ್ತಾಳೆ. ಒಂದು ಮಾತು ಕೇಳ್ತೇನೆ, ಇನ್ನೊಂದು ಪದರ ಹಾಕಿದ್ರೆ ಅಜ್ಜಿಯ ಹೊಲಿಗೆ ಮತ್ತೆ ಯಾರಿಗಾದ್ರೂ ನೋಡ್ಲಿಕ್ಕೆ ಸಿಗ್ತದಾ? ರಶ್ಮಿಯ ಮಗುವಿಗೆ ಕಾಣುದು ನಮ್ಮ ಹಳೆ ಟೀಶರ್ಟು. ಮೇಲಿಂದು ಉಡುಪಿ ಕೈಮಗ್ಗದ ಸೀರೆ, 2016ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ಅದಕ್ಕೆ, ಆ ಕಾಲದ ನೇಯ್ಗೆ ಈಗ ಹುಡುಕಿದ್ರೂ ಸಿಗ್ಲಿಕ್ಕಿಲ್ಲ

ಸುಮತ್ತೆ: ಟ್ಯಾಗ್ ನೋಡಿ ಅಮ್ಮ ಉಟ್ಟದ್ದಲ್ಲ. ಸೆಕೆಗೆ ತೆಳು ಸೀರೆ ಅಂತ ಉಟ್ಟದ್ದು

(ಅವನ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಹತ್ತು ನಿಮಿಷ ಫೋನ್ ಬದಿಗಿಟ್ಟು ಕುಚ್ಚಲಕ್ಕಿ ಗಂಜಿ ಇಳಿಸಿ ಬಂದೆ.)

ಚಿಕ್ಕಮ್ಮ ಮಂಗಳೂರು: ಡ್ಯೂಟಿಯಲ್ಲಿದ್ದೆ, ಈಗ ನೋಡಿದೆ. ಯಾರಿಗಾದ್ರೂ ಕೊಡಿ, ಟ್ರಂಕಲ್ಲಿ ನುಸಿಗುಳಿಗೆ ಹಾಕಿತ್ತಾ ಅದನ್ನ ಮೊದ್ಲು ಹೇಳಿ

ನಾನು: ಇತ್ತು ಚಿಕ್ಕಮ್ಮ. ಸುಮಾರಿತ್ತು

ಚಿಕ್ಕಮ್ಮ ಮಂಗಳೂರು: ಅದೇ ಹೆದ್ರಿಕೆ ನಂಗೆ. ನಾಫ್ತಲೀನ್ ಅದು. ಕೆಲವು ಮಕ್ಕಳಿಗೆ ಹುಟ್ಟುವಾಗ್ಲೇ ಜಿ6ಪಿಡಿ ಅಂತ ಒಂದು ಕಿಣ್ವ ಕಮ್ಮಿ ಇರ್ತದೆ, ಗುಳಿಗೆ ಹಾಕಿಟ್ಟ ಬಟ್ಟೆ ಅಂಥವ್ರಿಗೆ ಸುತ್ತಿದ್ರೆ ರಕ್ತಕಣ ಒಡೆದು ಕಾಮಾಲೆ ಜೋರಾಗ್ತದೆ. ಯಾವ ಮಗುವಿಗೆ ಉಂಟು ಯಾವುದಕ್ಕಿಲ್ಲ ಅಂತ ಮುಖ ನೋಡಿ ಹೇಳ್ಲಿಕ್ಕಾಗುದಿಲ್ಲ. ಗಾಳಿಗೆ ಬಿಸಿಲಿಗೆ ಹಾಕಿ, ವಾಸನೆ ಇರುವಷ್ಟು ದಿನ ಹತ್ರ ತರ್ಲೇಬೇಡಿ. ಮತ್ತೆ ರಶ್ಮಿ, ಆ ಭಾರದ್ದನ್ನ ಮಗುವಿಗೆ ಹೊದಿಸುದು ಬೇಡ, ಎಚ್ಚರ ಇರುವಾಗ ನೆಲಕ್ಕೆ ಹಾಸಿ ಮೇಲೆ ಮಲಗಿಸು, ನೀನು ಪಕ್ಕದಲ್ಲಿ ಕೂತ್ಕೊ

ರಶ್ಮಿ: ಸರಿ ಅತ್ತೆ. ಹಾಗಾದ್ರೆ ಬಾಣಂತನಕ್ಕೆ ಇಲ್ವಾ ಅದು

ಚಿಕ್ಕಮ್ಮ ಮಂಗಳೂರು: ಬೋರಲು ಮಲಗುವಷ್ಟಕ್ಕೆ ಸಿಗ್ತದೆ ಬಿಡು. ಫ್ರೇಮ್ ಕೂಡ ಬೇಡ ಪ್ರಶಾಂತ, ನಮ್ಮ ಮಗುವಿನ ಮುಡಿ ಕೊಟ್ಟ ಫೋಟೋ ಗ್ಲಾಸಿಗೆ ಅಂಟಿ ಬೂಸ್ಟು ಬಂದದ್ದು ನೆನಪಿಲ್ವಾ

ಪ್ರಶಾಂತಣ್ಣ: ಬೆಂಗಳೂರಲ್ಲಿ ಅಷ್ಟು ಬೂಸ್ಟು ಬರುದಿಲ್ಲ ಚಿಕ್ಕಮ್ಮ, ಬಿಸಿಲಿಗೆ ಬಣ್ಣ ಹೋಗ್ಬಾರ್ದು ಅಷ್ಟೇ, ಗೋಡೆ ಉತ್ತರದ್ದು. ನಾನು ಎಲ್ಲ ಯೋಚ್ನೆ ಮಾಡಿಯೇ ಹೇಳಿದ್ದು. ಇಲ್ಲಿ ಯಾರಿಗೂ ಕೇಳ್ಲಿಕ್ಕೆ ಪುರ್ಸೊತ್ತಿಲ್ಲ

ಪ್ರಶಾಂತಣ್ಣ ಗುಂಪಿನಿಂದ ಹೊರಹೋದರು

ಚಿಕ್ಕಪ್ಪ ದುಬೈ: ಹೋದ

ದೊಡ್ಡಪ್ಪ ಪ್ರಶಾಂತಣ್ಣ ಅವರನ್ನು ಸೇರಿಸಿದರು

ದೊಡ್ಡಪ್ಪ: ಅಡ್ಮಿನ್ ನಾನು. ಕೂತ್ಕೊ ಮಾರಾಯ.

ಸುಮತ್ತೆ: ಪ್ರಶಾಂತ ಹೇಳಿದ್ದು ಸುಳ್ಳಲ್ಲ, ಇಡೀ ಮುಚ್ಚಿದ್ರೆ ಅಮ್ಮನ ಕೈ ಕಾಣುದಿಲ್ಲ. ನಂಗೊಂದು ತೋಚ್ತದೆ. ಯಲ್ಲಾಪುರ ಹಳಿಯಾಳದ ಕಡೆ ಸಿದ್ದಿ ಹೆಂಗಸ್ರು ಕೌದಿ ಹೊಲೀತಾರಲ್ಲ, ನಾಲ್ಕೂ ಮೂಲೆಗೆ ಬಟ್ಟೆ ತ್ರಿಕೋನ ಮಡಚಿ ಇಡ್ತಾರೆ, ಅದಕ್ಕೆ ಫೂಲ ಅಂತ ಹೆಸರು, ಅದಿಲ್ಲದ ಕೌದಿ ಅವ್ರಿಗೆ ಬತ್ತಲೆ ಇದ್ದ ಹಾಗೆ. ನಮ್ಮದಕ್ಕೆ ಇರ್ಲಿಲ್ಲ. ಬಿಚ್ಚಿದ ಮೂಲೆಗೆ ಹೇಗೂ ಏನಾದ್ರೂ ಹಾಕ್ಬೇಕಲ್ಲ, ನಾಲ್ಕಕ್ಕೂ ಹಾಕುವ. ನಡುವೆ ಅಮ್ಮಂದು ಹಾಗೇ ಇರ್ಲಿ

ಚಿಕ್ಕಪ್ಪ ದುಬೈ: ಅಂದ್ರೆ 4 ಪಾಲು. ಬೆಳಿಗ್ಗೆ ನಾನು ಹೇಳಿದಾಗ ಎಲ್ರೂ ಬೈದ್ರಿ

ಸುಮತ್ತೆ: ನೀನು ಸುಮ್ನಿರು. ಅಷ್ಟಮಿಗೆ ಎಲ್ರೂ ಉಡುಪಿಗೆ ಬರ್ತೀರಲ್ಲ, ವಿಟ್ಲಪಿಂಡಿ ಮೊಸರುಕುಡಿಕೆಯ ಮರುದಿನ ಕೂತು ಹೊಲಿಯುವ. ಮನೆಗೊಂದು ಹಳೆ ಬಟ್ಟೆ ತನ್ನಿ. ಹತ್ತಿದು ಮಾತ್ರ, ಪಾಲಿಸ್ಟರ್ ತಂದವ್ರಿಗೆ ಊಟ ಇಲ್ಲ

ಚಿಕ್ಕಮ್ಮ ಮಂಗಳೂರು: ನನ್ನ ಹತ್ರ ಕಿನ್ನಿಗೋಳಿಯಿಂದ ತಂದ ಕೈಮಗ್ಗದ ಸೀರೆ ಉಂಟು, ಸೆರಗು ಹರಿದದ್ದು

ದೊಡ್ಡಪ್ಪ: ನನ್ನದು ಬಿಳಿ ಪಂಚೆ.

ನಾನು: ಟ್ರಂಕ್ ಗುಜರಿಗೆ ಹಾಕ್ತೇನೆ. ಇನ್ನು ಒಗೆದ ಬಿಳಿ ಮುಂಡಲ್ಲಿ ಸುತ್ತಿ ಮರದ ಕಪಾಟಲ್ಲಿ ಇಡುದು, ಎರಡು ತಿಂಗಳಿಗೊಮ್ಮೆ ಬೇರೆ ಕಡೆ ಮಡಚುದು. ಗುಳಿಗೆ ಇಲ್ಲ, ಪ್ಲಾಸ್ಟಿಕ್ ಇಲ್ಲ. ಯಾರ ಮನೆಯ ಕಪಾಟು ಅಂತ ಮಾತ್ರ ಇನ್ನೂ ಆಗ್ಲಿಲ್ಲ

ರಶ್ಮಿ: ನಮ್ಮನೆಯದ್ದು ತೇಗದ್ದು

ಚಿಕ್ಕಪ್ಪ ದುಬೈ: ಶುರು

ಪ್ರಶಾಂತಣ್ಣ: ಅಷ್ಟಮಿಗೆ ಬಸ್ಸು ಬುಕ್ ಮಾಡಿದೆ. ಹೊಲೀಲಿಕ್ಕಲ್ಲ, ಅಳತೆ ತೆಗೀಲಿಕ್ಕೆ

ಸುಮತ್ತೆ: ಬಾ. ಬರುವಾಗ ಚಿಕ್ಕಪೇಟೆಯಿಂದ ದಪ್ಪ ಬಿಳಿ ನೂಲು 2 ಉಂಡೆ ತಾ, ಇಲ್ಲಿಂದು ಎಳೆದ್ರೆ ತುಂಡಾಗ್ತದೆ