ರಾಕೆಟ್ಟಿನ ‘ಫಿನ್’, ‘ವಾಡಿಂಗ್’: ಕನ್ನಡ ಪದ ಬೇಕು, ನಾಳೆ ಗೋಡೆಗೆ ಬರೆಸಬೇಕು

ಕಲಬುರಗಿಯಿಂದ, ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಎರಡು ಪದ ತುರ್ತಾಗಿ ಬೇಕು. ನಾಳೆ ಸಂಜೆ ಐದಕ್ಕೆ ಪೇಂಟರ್ ಬರುತ್ತಾರೆ. ಆಮೇಲೆ ಅವರು ಸಿಗುವುದು ಹತ್ತು ದಿನ ಬಿಟ್ಟು.

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಎಂಟನೇ ತರಗತಿ ಮಕ್ಕಳು ಕಿಟ್ ತರಿಸಿ ಪುಟ್ಟ ರಾಕೆಟ್ ಕಟ್ಟುತ್ತಿದ್ದಾರೆ. ರಟ್ಟಿನ ಕೊಳವೆ, ಬಾಲ್ಸಾ ಮರದ ತೆಳು ಹಲಗೆಯಲ್ಲಿ ಕತ್ತರಿಸಿದ ಮೂರು ಫಿನ್, ಪ್ಲಾಸ್ಟಿಕ್ ಮೂತಿ, ಒಳಗೆ ಮಡಚಿಟ್ಟ ಪ್ಯಾರಾಚೂಟ್. ಮದ್ದು ತುಂಬಿದ ಮೋಟರ್ ಮಕ್ಕಳ ಕೈಗೆ ಕೊಡುವುದಿಲ್ಲ. ಲೈಸೆನ್ಸ್ ಇರುವ ತಂಡದವರು ಬಂದು ಹಾಕಿ ಹಾರಿಸುತ್ತಾರೆ. ಶಾಲೆಯ ಗೋಡೆ ಮೇಲೆ ಆರಡಿ ಎತ್ತರದ ರಾಕೆಟ್ ಚಿತ್ರ ಬರುತ್ತದೆ, ಪ್ರತಿ ಭಾಗದ ಪಕ್ಕ ಅದರ ಹೆಸರು. ಕಿಟ್ಟಿನ ಹಾಳೆ ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ತರುತ್ತಿರುವುದು ನಾನು.

ಮೊದಲನೆಯದು ಫಿನ್. ‘ಈಜುರೆಕ್ಕೆ’ ಮೀನಿನದು. ‘ರೆಕ್ಕೆ’ ಅಂತ ಬರೆದೆ. ಒಬ್ಬ ಹುಡುಗ ಕೇಳಿದ: “ಟೀಚರ್, ರೆಕ್ಕೆ ಇದ್ಮೇಲೆ ಇಳಿಯುವಾಗ ವಿಮಾನದ ಹಾಗೆ ತೇಲಬೇಕಲ್ವಾ, ಛತ್ರಿ ಯಾಕೆ?” ಪ್ರಶ್ನೆ ಸರಿ ಇದೆ. ಪದ ಸರಿ ಇಲ್ಲ.

ಎರಡನೆಯದು ವಾಡಿಂಗ್. ನನಗೆ ಮುಖ್ಯವಾದದ್ದು ಇದೇ. ಮೋಟರಿನಲ್ಲಿ ಮೊದಲು ಮೇಲೆ ದೂಡುವ ಮದ್ದು ಉರಿಯುತ್ತದೆ. ಆಮೇಲೆ ಕೆಲವು ಸೆಕೆಂಡು ಬರೀ ಹೊಗೆ, ರಾಕೆಟ್ ಅದೇ ಓಟದಲ್ಲಿ ಏರುತ್ತಿರುತ್ತದೆ. ಕೊನೆಗೆ ಚಿಕ್ಕ ಮದ್ದೊಂದು ಕೊಳವೆಯೊಳಗೆ ಮೇಲ್ಮುಖವಾಗಿ ಸಿಡಿದು ಮೂತಿಯನ್ನೂ ಪ್ಯಾರಾಚೂಟನ್ನೂ ಹೊರಗೆ ತಳ್ಳುತ್ತದೆ. ಆ ಬಿಸಿ ಪ್ಯಾರಾಚೂಟಿಗೆ ತಾಗದ ಹಾಗೆ ನಡುವೆ ಬೆಂಕಿ ಹತ್ತದ ತೆಳು ಕಾಗದ ಮುದುರಿ ಇಡುತ್ತಾರೆ. ಅದೇ ವಾಡಿಂಗ್.

ನನ್ನ ಮೊದಲ ಕರಡಿನಲ್ಲಿ ಅದಕ್ಕೆ ‘ಹತ್ತಿ’ ಅಂತ ಬರೆದಿದ್ದೆ. ಹೋದ ತಿಂಗಳು ಒಂದು ರಾಕೆಟ್ ಪ್ರಯೋಗಕ್ಕೆ ಹಾರಿಸಿದೆವು. ಒಬ್ಬ ಹುಡುಗಿ ಮನೆಯಿಂದ ದೀಪದ ಬತ್ತಿ ಮಾಡುವ ಹತ್ತಿ ತಂದು, ಹಿಂಜಿ, ಬೆರಳಲ್ಲಿ ಒತ್ತಿ ಒತ್ತಿ ತುಂಬಿದಳು. ಮೇಲೆ ಛತ್ರಿ ಇಟ್ಟು ಮೂತಿ ಮುಚ್ಚಿದಳು. ತಂಡದವರು ಕೆಳಗಿನ ತುದಿಯಲ್ಲಿ ಮೋಟರ್ ಹಾಕಿದರು, ಮೇಲಿನ ತುದಿ ಯಾರೂ ತೆಗೆದು ನೋಡಲಿಲ್ಲ. ರಾಕೆಟ್ ನೆಟ್ಟಗೆ ಏರಿತು. ಮೇಲೆ ಟಪ್ ಅಂತ ಸದ್ದು. ಛತ್ರಿ ಬಿಚ್ಚಲಿಲ್ಲ. ರಾಕೆಟ್ ಕಲ್ಲಿನ ಹಾಗೆ ಬಿತ್ತು. ಅದರ ಹಿಂದೆ ಹೊಗೆಯಾಡುತ್ತ ಒಂದು ಹತ್ತಿ ಉಂಡೆ ಪಕ್ಕದ ತೊಗರಿ ಕೂಳೆಯ ಅಂಚಿಗೆ ಬಿತ್ತು. ಬಕೆಟ್‌ನಲ್ಲಿ ನೀರು ಇಟ್ಟುಕೊಂಡಿದ್ದೆವು, ಓಡಿ ಹೋಗಿ ಸುರಿದೆವು. ಪ್ಯಾರಾಚೂಟ್ ಕರಗಿ ಗೋಲಿಯಷ್ಟು ಮುದ್ದೆಯಾಗಿತ್ತು. ಆ ಹುಡುಗಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳ ತಪ್ಪಿಲ್ಲ. ನನ್ನ ಹಾಳೆಯಲ್ಲಿ ಇದ್ದದ್ದನ್ನೇ ಅವಳು ಮಾಡಿದ್ದು.

ಹಾಗಾಗಿ ಓದಿದ ಕೂಡಲೇ ಕೈಗೆ ಸರಿಯಾದ ವಸ್ತು ಬರುವಂಥ ಪದ ಬೇಕು. ದಯವಿಟ್ಟು ಬೇಗ ತಿಳಿಸಿ.

ಬೀದರ್‌ನಿಂದ

ಅಕ್ಕೋರೆ, ಫಿನ್ ಅಂದರೆ ಗರಿ. ಬೇರೆ ಹುಡುಕಬೇಡಿ.

ಬಿಲ್ಲಿನ ಬಾಣ ನೋಡಿ. ಮುಂದೆ ಮೊನೆ, ಹಿಂದೆ ಗರಿ. ಗರಿ ಬಾಣವನ್ನು ಎತ್ತುವುದಿಲ್ಲ. ಬಾಣ ಸ್ವಲ್ಪ ಸೊಟ್ಟಗಾದರೆ ಗಾಳಿ ಗರಿಗೆ ಬಡಿದು ಬಾಲವನ್ನು ಮತ್ತೆ ಸಾಲಿಗೆ ತರುತ್ತದೆ. ನಿಮ್ಮ ರಾಕೆಟ್ಟಿನ ಫಿನ್ ಮಾಡುವುದೂ ಇಷ್ಟೇ. ತೂಕದ ಕೇಂದ್ರ ಮುಂದಿರಬೇಕು, ಗಾಳಿಯ ಒತ್ತಡದ ಕೇಂದ್ರ ಹಿಂದಿರಬೇಕು, ನಡುವೆ ಕೊಳವೆಯ ಅಗಲದಷ್ಟಾದರೂ ಅಂತರ ಇರಬೇಕು. ಗರಿ ಆ ಎರಡನೆಯ ಕೇಂದ್ರವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ‘ರೆಕ್ಕೆ’ ಅಂದರೆ ಎತ್ತುವುದು. ನಿಮ್ಮ ಹುಡುಗ ಸರಿಯಾಗಿಯೇ ಕೇಳಿದ್ದಾನೆ.

ಹಳಗನ್ನಡದಲ್ಲಿ ಇದು ಗಱಿ, ಶಕಟರೇಫ ಅನ್ನುವ ಹಳೆಯ ಱ ಅಕ್ಷರ ಇತ್ತು. ಸಾವಿರ ವರ್ಷ ದಾಟಿದ ಪದ, ಇವತ್ತಿಗೂ ಮನೆಮನೆಯಲ್ಲಿದೆ. ನವಿಲುಗರಿ, ತೆಂಗಿನ ಗರಿ.

ಕಲಬುರಗಿಯಿಂದ, ಇನ್ನೊಬ್ಬರು

> ಫಿನ್ ಅಂದರೆ ಗರಿ

ಒಪ್ಪುವುದಿಲ್ಲ. ನವಿಲುಗರಿ, ತೆಂಗಿನ ಗರಿ, ಗರಿಗರಿ ನೋಟು. ಪಾರಿಭಾಷಿಕ ಪದಕ್ಕೆ ಒಂದೇ ಅರ್ಥ ಇರಬೇಕು. ‘ಸ್ಥಿರಕ’ ಅನ್ನಿ, ಅದರ ಕೆಲಸವೇ ಸ್ಥಿರವಾಗಿಡುವುದು. ಅಷ್ಟಕ್ಕೂ ಗರಿಯೂ ಸಂಸ್ಕೃತದ್ದೇ. ‘ಗರುತ್’ ಅಂದರೆ ರೆಕ್ಕೆ. ಗರುತ್ಮಂತ ಅಂದರೆ ಗರುಡ. ನಿಮ್ಮ ಅಚ್ಚಗನ್ನಡ ಅಲ್ಲಿಗೆ ಹೋಯಿತು.

ಬೀದರ್‌ನಿಂದ

ಗಱಿಯಲ್ಲಿರುವುದು ಱ. ಗರುತ್‌ನಲ್ಲಿರುವುದು ರ. ಸದ್ದು ಹತ್ತಿರ ಅಂತ ನೆಂಟಸ್ತಿಕೆ ಕಟ್ಟಬೇಡಿ.

‘ಸ್ಥಿರಕ’ ಅಂದರೆ ಎಂಟನೇ ತರಗತಿ ಮಗುವಿಗೆ ಏನೂ ಕಾಣುವುದಿಲ್ಲ. ಗರಿ ಅಂದರೆ ಬಾಣ ಕಾಣುತ್ತದೆ. ಒಂದು ಪದಕ್ಕೆ ಒಂದೇ ಅರ್ಥ ಅನ್ನುವ ನಿಯಮ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನ ಫಿನ್ ಕೂಡ ಮೀನಿನದ್ದೇ. ಅವರಿಗೆ ಗೊಂದಲ ಆಗಿಲ್ಲ.

ಸೇಡಂ ಕಡೆಯಿಂದ

ಪ್ಯಾರಾಚೂಟಿಗೆ ಏನು ಬರೆಯುತ್ತೀರಿ ಅಂತ ಯಾರೂ ಕೇಳಲಿಲ್ಲ. ಎಲ್ಲೋ ‘ಧುಮುಕುಛತ್ರ’ ಅಂತ ನೋಡಿದ ನೆನಪು. ದಯವಿಟ್ಟು ಅದನ್ನು ಗೋಡೆಗೆ ಬರೆಸಬೇಡಿ. ಕನ್ನಡದ ಧುಮುಕು, ಸಂಸ್ಕೃತದ ಛತ್ರ, ಎರಡನ್ನೂ ಕಟ್ಟಿದರೆ ಅರಿಸಮಾಸ. ನನ್ನ ಊರು ಮಳಖೇಡದ ಪಕ್ಕ. ರಾಷ್ಟ್ರಕೂಟರ ಆ ರಾಜಧಾನಿಯಲ್ಲಿ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ಇದನ್ನು ಬೇಡ ಅಂದಿದೆ, ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅಂದಿದೆ. ನಮ್ಮ ನೆಲದಲ್ಲೇ ಕೂತು ಹಾಲು ಒಡೆಯುವುದು ಬೇಡ. ‘ಹಾರುಕೊಡೆ’ ಚೆನ್ನಾಗಿದೆ.

ಯಾದಗಿರಿಯಿಂದ

ನೀವೆಲ್ಲ ಬಾಲದ ಬಗ್ಗೆ ಜಗಳ ಮಾಡುತ್ತಿದ್ದೀರಿ. ‘ರಾಕೆಟ್’ ಅನ್ನುವುದನ್ನೇ ಬಿಡಬೇಕು. ಅದು ಇಟಾಲಿಯನ್ನಿನ ‘ರೊಕ್ಕಾ’ದಿಂದ ಬಂದ ಪದ. ನೂಲುವಾಗ ಹತ್ತಿಯನ್ನೋ ಉಣ್ಣೆಯನ್ನೋ ಸುತ್ತಿಡುವ ಕೋಲು ಅದು. ಪಟಾಕಿಯ ಆಕಾರ ಹಾಗೆ ಕಂಡಿತು, ಮನೆಯ ಪದವನ್ನೇ ಅದಕ್ಕೆ ಇಟ್ಟರು. ಅವರು ತಮ್ಮ ಮನೆಯಿಂದ ಪದ ತೆಗೆದರು, ನಾವು ಅವರ ಮನೆಗೆ ಹೋಗಿ ಸಾಲ ತಂದೆವು. ನಮ್ಮಲ್ಲಿ ಬಾಣ ಇದೆ, ಬಿರುಸು ಇದೆ, ಬಾಣಬಿರುಸು ಅಂತ ಜೋಡಿಪದವೇ ಇದೆ. ಮೈಸೂರಿನ ಸೈನ್ಯ ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರು ಕಟ್ಟಿ ಇಂಗ್ಲಿಷರ ಮೇಲೆ ಬಿಟ್ಟಿತ್ತು. ಅದನ್ನು ನೋಡಿಯೇ ಅವರು ತಮ್ಮ ರಾಕೆಟ್ ಮಾಡಿಕೊಂಡರು. ವಸ್ತು ಇಲ್ಲಿಂದ ಹೋಯಿತು, ಹೆಸರು ಅಲ್ಲಿಂದ ಬಂತು.

ಬೀದರ್‌ನಿಂದ

> ವಸ್ತು ಇಲ್ಲಿಂದ ಹೋಯಿತು

ಇತಿಹಾಸ ಸರಿ, ತೀರ್ಮಾನ ತಪ್ಪು. ಗೋಡೆ ಮೇಲೆ ‘ಬಾಣ’ ಅಂತ ಬರೆದರೆ ನೋಡುವವರು ಬಿಲ್ಲು ಹುಡುಕುತ್ತಾರೆ. ರಾಕೆಟ್ ಈಗ ಕನ್ನಡದ್ದೇ ಪದ. ರಾಕೆಟ್ಟು, ರಾಕೆಟ್ಟಿಗೆ, ರಾಕೆಟ್ಟಿನ ಅಂತ ನಮ್ಮ ವಿಭಕ್ತಿ ಹತ್ತಿದ ಮೇಲೆ ಅದು ನಮ್ಮದು. ನಮ್ಮ ಊರಲ್ಲಿ ಮದ್ದಿಗೆ ಬಾರೂದು ಅಂತಾರೆ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಮುಂದೆ ಬಾರೂದು ಕೂಡಿಟ್ಟಿದ್ದರು. 17ನೇ ಶತಮಾನದ ಕೊನೆಯಲ್ಲಿ ಅದು ಸಿಡಿದು ಕಟ್ಟಡದ ಒಂದು ಕಡೆಯೇ ಹೋಯಿತು. ಆ ಖಾಲಿ ಜಾಗ ನೋಡುತ್ತ ಬೆಳೆದವರಿಗೆ ‘ಬಾರೂದು ಅನ್ನಬೇಡ, ಸ್ಫೋಟಕ ಚೂರ್ಣ ಅನ್ನು’ ಅಂತ ಯಾರೂ ಹೇಳಬೇಕಿಲ್ಲ.

ಕಲಬುರಗಿಯಿಂದ, ಇನ್ನೊಬ್ಬರು

ಅಂದರೆ ಪಾರಸಿ ಪದ ಬರಬಹುದು, ಇಂಗ್ಲಿಷ್ ಪದ ಬರಬಹುದು, ಸಂಸ್ಕೃತ ಬಂದರೆ ಮಾತ್ರ ತಪ್ಪು. ಇದು ಭಾಷಾಪ್ರೀತಿ ಅಲ್ಲ, ಪಕ್ಷಪಾತ.

ಬೀದರ್‌ನಿಂದ

ಬಾಯಿಗೆ ಬಂದ ಪದ ಇರಲಿ, ಕಡತದಲ್ಲಿ ಹುಟ್ಟಿದ ಪದ ಬೇಡ. ಇಷ್ಟೇ ನನ್ನ ಮಾತು. ‘ವಿಜ್ಞಾನ’ ಸಂಸ್ಕೃತ. ಅದನ್ನು ನಾನು ಬೇಡ ಅಂದೆನೇ?

ಕಲಬುರಗಿಯಿಂದ, ಶಿಕ್ಷಕಿ

ಹಿರಿಯರೇ, ಈಗ ಮಧ್ಯಾಹ್ನ ಎರಡೂವರೆ. ವಾಡಿಂಗ್ ಬಗ್ಗೆ ಒಬ್ಬರೂ ಒಂದು ಅಕ್ಷರ ಬರೆದಿಲ್ಲ.

ಗರಿಯನ್ನು ಬೆಳಿಗ್ಗೆಯೇ ಮಕ್ಕಳ ಮೇಲೆ ಪ್ರಯೋಗಿಸಿದೆ. ಮೋಟರಿನ ತೂಕಕ್ಕೆ ಸರಿಯಾಗಿ ಜೇಡಿಮಣ್ಣಿನ ಉಂಡೆ ಬಾಲಕ್ಕೆ ತುರುಕಿ, ರಾಕೆಟ್ ಸಮ ತೂಗುವ ಜಾಗಕ್ಕೆ ದಾರ ಕಟ್ಟಿ, ತಲೆಯ ಸುತ್ತ ಬೀಸಿದೆವು. ಫಿನ್ ಅಂಟಿಸಿದ್ದು ಮೂತಿ ಮುಂದೆ ಮಾಡಿಕೊಂಡು ನೆಟ್ಟಗೆ ಸುತ್ತಿತು. ಫಿನ್ ಇಲ್ಲದ ಕೊಳವೆ ಅಡ್ಡಾದಿಡ್ಡಿ ಹೊರಳಿತು. “ಇದಕ್ಕೆ ಏನು ಹೆಸರಿಡೋಣ, ಗರಿ ಅನ್ನೋಣವಾ?” ಅಂದೆ. ರೆಕ್ಕೆ ಪ್ರಶ್ನೆ ಕೇಳಿದ್ದ ಹುಡುಗನೇ “ಹೂಂ ಟೀಚರ್, ಬಾಣದ ಗರಿ, ಗಾಳಿ ಹಿಡಿದು ಹಿಂದೆ ಎಳೀತದ” ಅಂದ. ನನಗೆ ಅಷ್ಟು ಸಾಕು. ಗರಿ ಬರೆಸುತ್ತೇನೆ. ಸ್ಥಿರಕ ಸೂಚಿಸಿದ ಸರ್‌ಗೆ ಬೇಜಾರಾಗಬಾರದು.

ಕೊಡೆ ಅಂತ ನಮ್ಮ ಮಕ್ಕಳು ಅನ್ನುವುದಿಲ್ಲ, ಛತ್ರಿ ಅಂತಾರೆ. ಹಾಗಾಗಿ ಪ್ಯಾರಾಚೂಟ್ ಅಂತಲೇ ಬರೆಸಿ, ಕೆಳಗೆ ‘ಇಳಿಸುವ ಛತ್ರಿ’ ಅಂತ ಹಾಕಿಸುತ್ತೇನೆ. ಮೂತಿಗೆ ಮೂತಿ.

ವಾಡಿಂಗ್‌ಗೆ ಪದ ಕೊಡಿ. ಬರೆಸದೆ ಬಿಟ್ಟರೆ ಇನ್ನೊಂದು ಮಗು ಹತ್ತಿ ತುಂಬುತ್ತದೆ.

ಯಾದಗಿರಿಯಿಂದ

ಕ್ಷಮಿಸಿ ಅಕ್ಕೋರೆ, ಮೊದಲು ನೋಡಬೇಕಿದ್ದದ್ದು ಅದನ್ನೇ. ಅದರ ಕೆಲಸ ಏನು? ಬೆಂಕಿಗೆ ಅಡ್ಡ ನಿಲ್ಲುವುದು. ಅದು ಏನು? ಕಾಗದ. ‘ಅಡ್ಡಕಾಗದ’ ಅನ್ನಿ. ‘ಕಾಗದ’ ಅಂತ ಪದದಲ್ಲೇ ಇದ್ದರೆ ಯಾರೂ ಹತ್ತಿ ತರುವುದಿಲ್ಲ.

ಸೇಡಂ ಕಡೆಯಿಂದ

ಅಡ್ಡ + ಕಾಗದ. ಉತ್ತರಪದದ ಮೊದಲಿಗೆ ಕ ಇದೆ, ಆದೇಶವಾಗಿ ಗ ಬರಬೇಕು. ಮಳೆಗಾಲ ಅನ್ನುವುದಿಲ್ಲವೇ? ‘ಅಡ್ಡಗಾಗದ’ ಸರಿಯಾದ ರೂಪ.

ಬೀದರ್‌ನಿಂದ

ಕಾಗದ ಪಾರಸಿಯಿಂದ ಬಂದದ್ದು. ಸಾಲದ ಪದಕ್ಕೆ ಆದೇಶ ಸಂಧಿ ಯಾಕೆ? ‘ಅಡ್ಡಗಾಗದ’ ಯಾರ ನಾಲಿಗೆಯಲ್ಲೂ ನಿಲ್ಲುವುದಿಲ್ಲ. ಹಾಳೆ ಅನ್ನಿ, ‘ಅಡ್ಡಹಾಳೆ’. ತಕರಾರೇ ಇಲ್ಲ.

ಸೇಡಂ ಕಡೆಯಿಂದ

ಮಳೆಗಾಲದ ‘ಕಾಲ’ ಯಾವ ಭಾಷೆಯದು? ಅದೂ ಸಾಲದ್ದೇ. ಅಲ್ಲಿ ಸಂಧಿ ಆಯಿತಲ್ಲ. ಬಾರೂದು ನಮ್ಮದು ಅಂದವರು ನೀವೇ. ಕಾಗದ ಮಾತ್ರ ಈಗ ಹೊರಗಿನದಾಯಿತೇ?

ಯಾದಗಿರಿಯಿಂದ

ಪೇಂಟರ್ ಬರಲು ಇನ್ನು ಒಂದು ಗಂಟೆ ಇದೆ. ಸಂಧಿ ಆಮೇಲೆ. ಹಾಳೆ ಅಂದರೆ ಮಕ್ಕಳು ನೋಟ್‌ಬುಕ್ಕಿನ ಹಾಳೆ ಹರಿದು ತುಂಬುತ್ತಾರೆ, ಅದೂ ಹೊತ್ತಿಕೊಳ್ಳುತ್ತದೆ. ಯಾವ ಪದ ಹಾಕಿದರೂ ಅದರ ಕೆಳಗೆ ‘ಬೆಂಕಿ ಹತ್ತದ್ದು ಮಾತ್ರ’ ಅಂತ ಬರೆಸಿ.

ಕಲಬುರಗಿಯಿಂದ, ಶಿಕ್ಷಕಿ

ಬರೆಸಿ ಆಯಿತು. ದೀಪ ಹಚ್ಚುವ ಹೊತ್ತಿಗೆ ಪೇಂಟರ್ ಹೋದರು.

‘ಗರಿ’ ಮೂರು ಕಡೆ, ಮೂರಕ್ಕೂ ಒಂದೇ ಬಣ್ಣ. ‘ಅಡ್ಡಕಾಗದ’ ಕೆಂಪಿನಲ್ಲಿ. ಸಂಧಿ ಮಾಡಿಸಲಿಲ್ಲ, ಬಿಡಿಸಿ ಓದಲು ಮಕ್ಕಳಿಗೆ ಸುಲಭ ಅಂತ. ಅದರ ಕೆಳಗೆ: ‘ಬೆಂಕಿ ಹತ್ತದ್ದು ಮಾತ್ರ. ಹತ್ತಿ ಬೇಡ, ಬಟ್ಟೆ ಬೇಡ, ನೋಟ್‌ಬುಕ್ ಹಾಳೆ ಬೇಡ. ಸಡಿಲವಾಗಿ ಮುದುರಿ, ಐದು ಸೆಂಟಿಮೀಟರ್ ಆಳಕ್ಕೆ ತುಂಬಿ.’ ನಮ್ಮ ಕೊಳವೆ 25 ಮಿಲಿಮೀಟರ್ ಅಗಲ. ಅದರ ಎರಡರಷ್ಟು ಆಳಕ್ಕೆ ಈ ಕಾಗದ ತುಂಬುವುದು ರೂಢಿ. ಈ ಸಾಲುಗಳನ್ನು ಪೇಂಟರಿಗೆ ಓದಿ ಹೇಳಿದ್ದು ಹತ್ತಿ ತಂದಿದ್ದ ಆ ಹುಡುಗಿ. ‘ಬಟ್ಟೆ ಬೇಡ’ ಅನ್ನುವುದನ್ನು ಸೇರಿಸಿದ್ದು ಅವಳೇ.

ಮುರಿದ ರಾಕೆಟ್ಟಿಗೆ ಹೊಸ ಗರಿ ಕತ್ತರಿಸಿದ್ದೇವೆ. ಈ ಸಲ ಮರದ ನಾರು ಗರಿಯ ಮುಂದಿನ ಅಂಚಿನ ಉದ್ದಕ್ಕೇ ಓಡುವ ಹಾಗೆ ಇಟ್ಟುಕೊಂಡೆವು. ಹೋದ ಸಲ ನಾರು ಅಡ್ಡ ಬಂದಿತ್ತು, ಬೆರಳು ತಾಗಿದರೆ ಲಟಕ್ ಅಂತಿತ್ತು. ಗೋಂದು ಒಮ್ಮೆ ಸವರಿ ಒಣಗಿಸಿ, ಮತ್ತೊಮ್ಮೆ ಸವರಿ ಕೂಡಿಸಿದ್ದೇವೆ. ಹೊಸ ಛತ್ರಿಗೆ ಅಂಟಿಕೊಳ್ಳದ ಹಾಗೆ ಪೌಡರ್ ಹಾಕಿ ಮಡಚಿಟ್ಟಿದ್ದಾಳೆ ಅದೇ ಹುಡುಗಿ.

ಒಂದು ಹೆಸರು ಉಳಿದಿದೆ. ಕೊಳವೆಯ ಪಕ್ಕಕ್ಕೆ ಸ್ಟ್ರಾದಷ್ಟು ಸಣ್ಣ ನಳಿಗೆ ಅಂಟಿಸುತ್ತಾರೆ, ನೆಲದಲ್ಲಿ ನಿಲ್ಲಿಸಿದ ಕಡ್ಡಿ ಅದರೊಳಗೆ ತೂರುತ್ತದೆ. ರಾಕೆಟ್‌ಗೆ ವೇಗ ಬಂದು ಗರಿ ಗಾಳಿ ಹಿಡಿಯುವ ತನಕ ಅದನ್ನು ನೆಟ್ಟಗೆ ಹಿಡಿದಿಡುವುದು ಆ ಕಡ್ಡಿ ಮತ್ತು ಈ ನಳಿಗೆ. ಇಂಗ್ಲಿಷಿನಲ್ಲಿ ಲಾಂಚ್ ಲಗ್ ಅಂತಾರೆ. ಗೋಡೆ ಮೇಲೆ ಅದಕ್ಕೆ ಗೆರೆ ಎಳೆಸಿ, ಒಂದು ಗೇಣು ಜಾಗ ಬಿಡಿಸಿದ್ದೇನೆ. ಪೇಂಟರ್ ಇನ್ನು ಹತ್ತು ದಿನಕ್ಕೆ ಬರುತ್ತಾರೆ.